ನಾಳೆಯಣ್ಣನಿಗೆ ಬರಬೇಕಿದ್ದ ಹಣ

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಲಾಂಡ್ರಿ ಇದೆ. ಅದನ್ನು ನಡೆಸುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇರಬೇಕು, ಬೀದಿಯವರಿಗೆ ಮಾತ್ರ ಅವನು ನಾಳೆಯಣ್ಣ. ಬಟ್ಟೆ ಆಯಿತಾ ಎಂದು ಯಾರು ಕೇಳಿದರೂ ಅವನ ಬಾಯಿಂದ ಬರುವುದು ಒಂದೇ ಮಾತು, ನಾಳೆ ಬನ್ನಿ. ಒಳ್ಳೆಯ ಮನುಷ್ಯ, ಕೆಲಸ ಅಚ್ಚುಕಟ್ಟು. ಆದರೆ ಆ ನಾಳೆ ಯಾವತ್ತು ಬರುತ್ತದೆ ಎಂದು ಕೇಳುವ ಹಾಗಿಲ್ಲ.

ಇಂಥ ನಾಳೆಯಣ್ಣ ಒಂದು ಸೋಮವಾರ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ. ಬ್ಯಾಂಕಿನವರು ಅವನಿಗೇ "ನಾಳೆ ಬನ್ನಿ" ಎಂದುಬಿಟ್ಟಿದ್ದರು.

ಆದದ್ದಿಷ್ಟು. ಬಸ್ ನಿಲ್ದಾಣದ ಪಕ್ಕದ ಲಾಡ್ಜಿನ ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು ಎಲ್ಲ ಒಗೆಯುವುದು ಇವನೇ. ಲಾಡ್ಜಿನವರು ಆ ತಿಂಗಳ ದುಡ್ಡನ್ನು ಶುಕ್ರವಾರ ಸಂಜೆ ತಮ್ಮ ಬ್ಯಾಂಕಿನಿಂದ ಇವನ ಖಾತೆಗೆ ಕಳಿಸಿದ್ದರು. ತಮ್ಮ ಖಾತೆಯಿಂದ ಹಣ ಹೋದ ಮೆಸೇಜನ್ನೂ ತೋರಿಸಿದ್ದರು. ಇವನ ಖಾತೆಗೆ ಮಾತ್ರ ಬಿಡಿಗಾಸೂ ಬಂದಿರಲಿಲ್ಲ.

ದುಡ್ಡು ಬೇಕಾಗಿದ್ದದ್ದು ಅವನ ತಾಯಿಯ ಕಣ್ಣಿಗೆ. ಆ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆಯವರು ಗುರುವಾರ ಆಪರೇಷನ್ ಎಂದು ಹೇಳಿದ್ದರು. ಅಷ್ಟರೊಳಗೆ ಹಣ ಕಟ್ಟದಿದ್ದರೆ ಆ ದಿನ ಬೇರೆಯವರ ಪಾಲಾಗಿ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಮುಕ್ಕಾಲು ಪಾಲನ್ನು ಗಂಡ ಹೆಂಡತಿ ಹೇಗೋ ಕೂಡಿಟ್ಟಿದ್ದರು, ಲಾಡ್ಜಿನ ಹಣ ಸೇರಿದರೆ ಭರ್ತಿ. ಅಜ್ಜಿ ಮಾತ್ರ ತನ್ನ ಕಣ್ಣಿಗೆ ಏನೂ ಆಗಿಲ್ಲ, ಈಗಿನ ಬಲ್ಬುಗಳೇ ಮಂಕು ಎಂದು ವಾದಿಸುತ್ತಿದ್ದರು.

ಅದೇ ಸಂಜೆ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಅಕ್ಕ ಲಾಂಡ್ರಿಗೆ ಬಂದರು. ಅವರ ಮನೆಯ ಕಿಟಕಿ ಪರದೆಗಳು ಇಲ್ಲಿ ಸೇರಿ ಎಷ್ಟೋ ದಿನವಾಗಿತ್ತು. ಅವರ ಮನೆಯ ಊಟ, ಜಗಳ ಎಲ್ಲ ಎದುರುಮನೆಯವರಿಗೆ ಪುಕ್ಕಟೆ ಸಿನಿಮಾ ಆಗಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾಳೆಯಣ್ಣ ಶುರು ಮಾಡಿದ.

"ಅಕ್ಕ, ದುಡ್ಡು ಲಾಡ್ಜಿನವರ ಖಾತೆ ಬಿಟ್ಟಿದೆ. ನನ್ನ ಖಾತೆಗೆ ಬಂದಿಲ್ಲ. ಹಾಗಾದ್ರೆ ಈಗ ಯಾರ ಜೇಬಲ್ಲಿದೆ?"

"ಹೇಳ್ತೀನಿ ಅಣ್ಣ. ಮೊದಲು ನನ್ನ ಪರದೆ ಎಲ್ಲಿ ಅಂತ ಹೇಳಿ."

"ಅದು ನಾಳೆ."

"ಯಾಕೆ ನಾಳೆ?"

ನಾಳೆಯಣ್ಣ ಎದೆ ಸೆಟೆಸಿ ತನ್ನ ಕಸುಬಿನ ಕಷ್ಟ ವಿವರಿಸಿದ. ಎರಡು ಪರದೆಗೋಸ್ಕರ ದೊಡ್ಡ ಮೆಷಿನ್ ಓಡಿಸೋಕಾಗುತ್ತಾ, ಅದು ತುಂಬುವಷ್ಟು ಬಟ್ಟೆ ಸೇರಬೇಕು. ಬಣ್ಣ ಬಿಡೋದನ್ನ ಬೇರೆ ಮಾಡಬೇಕು. ಒಣಗಿದ ಮೇಲೆ ಒಂದೊಂದರ ಚೀಟಿ ನೋಡಿ ಯಾರದು ಯಾರಿಗೆ ಅಂತ ಗಂಟು ಕಟ್ಟಬೇಕು. ಭಾನುವಾರ ಬೇರೆ ರಜ. ಒಳಗೆ ಶೀಟು ಹಿಂಡುತ್ತಿದ್ದ ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ನಮ್ಮಲ್ಲೂ ಅಷ್ಟೇ ಅಣ್ಣ," ಎಂದರು ಅಕ್ಕ.

ಹಣ ಚೀಲದಲ್ಲಿ ಕೂತು ಬಸ್ಸಿನಲ್ಲಿ ಬರುವುದಿಲ್ಲ, ಇಂಥವರಿಗೆ ಇಷ್ಟು ಕೊಡಿ ಎಂದು ಒಂದು ಬ್ಯಾಂಕು ಇನ್ನೊಂದಕ್ಕೆ ಸಂದೇಶ ಕಳಿಸುತ್ತದೆ ಎಂದು ಅವರು ವಿವರಿಸಿದರು. ಕೆಲವು ಪಾವತಿಗಳು ಆ ಕ್ಷಣವೇ ಬಂದು ಸೇರುತ್ತವೆ. ಲಾಡ್ಜಿನವರು ಕಳಿಸಿದ್ದು ಕಂತೆ ಕಟ್ಟಿ ಕಳಿಸುವ ಬಗೆಯದು. ಅಂಥ ಸಂದೇಶಗಳನ್ನೆಲ್ಲ ಒಟ್ಟು ಮಾಡಿ, ಗೊತ್ತಾದ ಹೊತ್ತಿಗೆ ಬ್ಯಾಂಕುಗಳು ತಮ್ಮ ತಮ್ಮೊಳಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ಲಾಡ್ಜಿನವರು ಕಳಿಸುವಷ್ಟರಲ್ಲಿ ಶುಕ್ರವಾರದ ಕಂತೆ ಹೊರಟಾಗಿತ್ತು. ಆಮೇಲೆ ವಾರದ ರಜೆ. ಇಲ್ಲಿಗೆ ಬಂದ ಮೇಲೂ ಖಾತೆ ಸರಿಯಾಗಿದೆಯೇ ಎಂದು ನೋಡಿಯೇ ಜಮಾ ಮಾಡಬೇಕು.

"ಚೀಟಿ ನೋಡದೆ ಕೊಟ್ರೆ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು.

ಬೀದಿಗೆಲ್ಲ ಗೊತ್ತು. ಡಾಕ್ಟರ ಪ್ಯಾಂಟನ್ನು ಒಮ್ಮೆ ಇವನು ಡ್ರಿಲ್ ಮೇಷ್ಟರಿಗೆ ಕೊಟ್ಟುಬಿಟ್ಟಿದ್ದ. ವಾಪಸ್ಸು ಬರುವಷ್ಟರಲ್ಲಿ ಅದು ಚಡ್ಡಿಯಾಗಿತ್ತು.

ಅಕ್ಕ ಹೊರಡುವ ಮುಂಚೆ ಇನ್ನೂ ಎರಡು ಮಾತು ಹೇಳಿದರು. ಲಾಡ್ಜಿನವರು ಹಾಕಿದ ಖಾತೆ ನಂಬರು ಸರಿ ಇದೆಯೇ ಎಂದು ನೋಡಿ, ಆ ಪಾವತಿಗೆ ಬ್ಯಾಂಕು ಕೊಟ್ಟ ನಂಬರನ್ನು ಅವರಿಂದ ಕೇಳಿ ಇಟ್ಟುಕೊಳ್ಳಿ. ಬುಧವಾರವೂ ಬರದಿದ್ದರೆ ಆ ನಂಬರು ಹಿಡಿದು ಸೀದಾ ಬ್ಯಾಂಕಿಗೆ ಬನ್ನಿ, ಹುಡುಕಿ ಕೊಡುತ್ತೇವೆ. ಇಷ್ಟು ಹೇಳಿ, ಪರದೆ ಇಲ್ಲದೆ ಮನೆಗೆ ಹೋದರು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ. ಮಂಗಳವಾರ ಬೆಳಿಗ್ಗೆ ನಾಳೆಯಣ್ಣ ಮೊಬೈಲಿನಲ್ಲಿ "ಬ್ಯಾಂಕಿನ ಮೇಲೆ ದೂರು" ಎಂದು ಹುಡುಕಿ, ಮೊದಲು ಸಿಕ್ಕಿದ ನಂಬರಿಗೆ ಫೋನ್ ಮಾಡಿದ. ಎತ್ತಿದವನ ಮಾತು ಬೆಣ್ಣೆ. ನಿಮ್ಮ ಹಣ ನಡುದಾರಿಯಲ್ಲಿ ಸಿಕ್ಕಿಕೊಂಡಿದೆ ಸಾರ್, ಈಗಲೇ ಬಿಡಿಸಿಕೊಡ್ತೀನಿ ಎಂದ. ತನ್ನನ್ನು ಸಾರ್ ಅಂದವನು ಅವನೊಬ್ಬನೇ ಆದ್ದರಿಂದ ನಾಳೆಯಣ್ಣ ಕರಗಿಹೋದ. ಕೇಳಿದ ಕೂಡಲೇ ಎಟಿಎಂ ಕಾರ್ಡಿನ ನಂಬರನ್ನೆಲ್ಲ ಒಪ್ಪಿಸಿದ.

"ಈಗ ನಿಮ್ಮ ಫೋನಿಗೆ ಒಂದು ನಂಬರು ಬರುತ್ತೆ, ಅದನ್ನ ಹೇಳಿ."

ಇವನ ಒಂದು ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ವಕೀಲರ ಕೋಟು. ಸ್ಪೀಕರ್ ಹಾಕಿದ ಫೋನು ಕೌಂಟರಿನ ಮೇಲೆ, ದಿಂಬಿನ ಕವರು ಮಡಚುತ್ತಿದ್ದ ಅಜ್ಜಿಯ ಪಕ್ಕದಲ್ಲಿತ್ತು. ಅಮ್ಮ ಸ್ವಲ್ಪ ಓದು ಎಂದ. ಕಾಣುವುದಿಲ್ಲ ಎಂದು ಒಪ್ಪಿಕೊಂಡರೆ ಆಪರೇಷನ್ ಖಾಯಂ ಆಗುತ್ತದಲ್ಲ, ಅಜ್ಜಿ ಗಟ್ಟಿಯಾಗಿ ಓದಿಯೇ ಓದಿದರು. ಮೂರು ಎಂಟಾಯಿತು, ಏಳು ಒಂದಾಯಿತು. ತಪ್ಪು ಎಂದ ಆಚೆಯವನು. ಇನ್ನೊಂದು ನಂಬರು ಬಂತು. ಅಜ್ಜಿ ಅದನ್ನೂ ಅಷ್ಟೇ ಧೈರ್ಯವಾಗಿ ಓದಿದರು. ಆಚೆಯವನ ಬೆಣ್ಣೆ ಕರಗತೊಡಗಿತು.

"ಬೇಗ ಸಾರ್! ಎರಡೇ ನಿಮಿಷ, ಆಮೇಲೆ ನಿಮ್ಮ ಹಣ ವಾಪಸ್ ಹೋಗಿಬಿಡುತ್ತೆ."

ಗಾಬರಿಯಾಗಿ ನಾಳೆಯಣ್ಣ ಹೆಂಡತಿಯನ್ನು ಕರೆದ. ಅವಳು ಕೈ ಒರೆಸಿಕೊಂಡು ಬಂದು ಫೋನು ಎತ್ತಿಕೊಂಡಳು. ಈ ನಂಬರನ್ನು ಯಾರಿಗೂ ಹೇಳಬೇಡಿ ಎಂದು ಆ ಮೆಸೇಜಿನಲ್ಲೇ ಬರೆದಿತ್ತು.

"ಎರಡು ನಿಮಿಷವಾ? ನಿನ್ನೆ ಅಕ್ಕ ಹೇಳಿದ್ದು ಕೇಳಿಸಲಿಲ್ವೇನ್ರೀ?" ಎಂದಳು ಗಂಡನಿಗೆ. "ಬ್ಯಾಂಕಿಗೆ ಆತುರ ಇಲ್ಲ. ಆತುರ ಇರೋನು ಬ್ಯಾಂಕಿನವನಲ್ಲ."

ಫೋನು ಕಟ್ ಮಾಡಿದವಳೇ, ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿದ್ದ ನಂಬರಿಗೆ ಕರೆ ಮಾಡಿ ಕಾರ್ಡು ನಿಲ್ಲಿಸಿದಳು. ಆಮೇಲೆ ಅಂಗಡಿ ಮುಚ್ಚಿ ಮೂವರೂ ಬ್ಯಾಂಕಿಗೆ ಓಡಿದರು. ಕೌಂಟರಿನ ಅಕ್ಕ ನಾಳೆಯಣ್ಣನ ಖಾತೆ ತೆರೆದು ನೋಡಿದರು. ಕೂಡಿಟ್ಟ ದುಡ್ಡೆಲ್ಲ ಹಾಗೇ ಇತ್ತು. ಅವನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟ. ಅಜ್ಜಿ ಅವನ ಬೆನ್ನು ಸವರುತ್ತಾ, ತಾನು ಬೇಕೆಂದೇ ತಪ್ಪು ಓದಿದ್ದಾಗಿ ಸುತ್ತಲಿನವರಿಗೆಲ್ಲ ಹೇಳಿದರು.

ಬುಧವಾರ ಮಧ್ಯಾಹ್ನ ಲಾಡ್ಜಿನ ಹಣ ಯಾರೂ ಬಿಡಿಸದೆ, ಯಾರೂ ತಳ್ಳದೆ, ತಾನಾಗಿ ಬಂದು ಖಾತೆಗೆ ಸೇರಿತು. ಗುರುವಾರ ಅಜ್ಜಿಯ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಮಗನ ಮುಖವನ್ನು ತುಂಬ ಹೊತ್ತು ನೋಡಿ, "ಎಷ್ಟು ಬಡವಾಗಿದ್ದೀಯೋ, ಇಷ್ಟು ದಿನ ನನಗೆ ಗೊತ್ತೇ ಆಗಲಿಲ್ಲ," ಎಂದರಂತೆ.

ನಿಮಗೂ ಬರಬೇಕಾದ ಹಣ ತಡವಾಗಿರಬಹುದು. ಕಳಿಸಿದವರನ್ನು ಕೇಳಿ, ಯಾವತ್ತು, ಎಷ್ಟು ಹೊತ್ತಿಗೆ, ಯಾವ ಖಾತೆಗೆ ಕಳಿಸಿದರು ಎಂದು. ಪಾವತಿಯ ನಂಬರು ಇಸಿದುಕೊಳ್ಳಿ. ನಡುವೆ ರಜೆ ಬಂದಿದೆಯೇ ನೋಡಿ. ಅನುಮಾನ ಬಂದರೆ ನಿಮ್ಮ ಬ್ಯಾಂಕಿಗೇ ಹೋಗಿ, ಇಲ್ಲವೇ ಪಾಸ್‌ಬುಕ್ಕಿನ ಮೇಲಿರುವ ನಂಬರಿಗೇ ಫೋನ್ ಮಾಡಿ. ಫೋನಿಗೆ ಬಂದ ಗುಟ್ಟಿನ ನಂಬರನ್ನು ಯಾರು ಎಷ್ಟು ಸಾರ್ ಎಂದರೂ ಹೇಳಬೇಡಿ. ತಡವಾದ ಹಣ ಇವತ್ತಲ್ಲ ನಾಳೆ ಬರುತ್ತದೆ. ಆತುರದಲ್ಲಿ ಕಳೆದುಕೊಂಡದ್ದು ಯಾವ ನಾಳೆಗೂ ಬರುವುದು ಕಷ್ಟ.