ಬೇಬಿ ಟೀಚರಿಗೆ ಮಂಡಿನೋವು ಇರಲಿಲ್ಲ

ಬೇಬಿ ಟೀಚರ್ ದೇವಾಲಯದಲ್ಲಿ ಹಾಡಿಗೆ ಏಳುತ್ತಿರಲಿಲ್ಲ. ಆರ್ಗನ್ನಿನ ಮೊದಲ ಸ್ವರ ಹೊರಡುವುದೇ ತಡ, ಇನ್ನೂರು ಜನರ ಸಭೆ ಒಂದೇ ದೇಹದಂತೆ ಎದ್ದು ನಿಲ್ಲುವಾಗ, ಬಲಗಡೆಯ ನಾಲ್ಕನೆಯ ಬೆಂಚಿನ ತುದಿಯಲ್ಲಿ, ಸೀರೆಯ ಮೇಲೆ ಗಂಡಸರ ಕಪ್ಪು ಕೋಟು ತೊಟ್ಟ ಆ ಎತ್ತರದ ಹೆಂಗಸು ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕೂತೇ ಇರುತ್ತಿದ್ದರು. ಹಾಡನ್ನು ಮಾತ್ರ ಬಿಡದೆ, ಎಲ್ಲರಿಗಿಂತ ಸ್ಪಷ್ಟವಾಗಿ, ಕೂತಲ್ಲಿಂದಲೇ ಹಾಡುತ್ತಿದ್ದರು. ಹೊಸಬರು ತಿರುಗಿ ನೋಡಿದರೆ ಪಕ್ಕದವರು ಬಾಗಿ, "ಪಾಪ, ಮಂಡಿನೋವು" ಎನ್ನುತ್ತಿದ್ದರು. ಟೀಚರ್ ತೀರಿಕೊಂಡ ಮೇಲೆ ಸಭೆಯ ಮಾಸಪತ್ರಿಕೆಯಲ್ಲಿ ಆರು ಸಾಲಿನ ವಾರ್ತೆ ಬಂತು. ಅದರ ನಾಲ್ಕನೆಯ ಸಾಲಿನಲ್ಲಿ, ಕೊನೆಯ ಎರಡು ವರ್ಷ ಮಂಡಿನೋವಿನಿಂದ ಬಳಲುತ್ತಿದ್ದರೂ ಆರಾಧನೆ ತಪ್ಪಿಸಿದವರಲ್ಲ ಎಂದು ಅಚ್ಚಾಗಿದೆ.

ಆ ಸಾಲು ಸುಳ್ಳು. ಅವರ ಮಂಡಿ ಗಟ್ಟಿಯಾಗಿತ್ತು. ಕೀಲ್ಪಾಕಿನಲ್ಲಿದ್ದ ತಮ್ಮನ ಮನೆಯಿಂದ ದೇವಾಲಯಕ್ಕೆ ಒಂದೂವರೆ ಮೈಲಿ. ಬಸ್ಸು ಹತ್ತಿದ್ದನ್ನು ನಾನು ಕಂಡಿಲ್ಲ. ಎದುರುಗಾಳಿಗೆ ನಡೆಯುವವರ ಹಾಗೆ ಮುಂದಕ್ಕೆ ಸ್ವಲ್ಪ ವಾಲಿ, ಮಡಿಸಿದ ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು, ಮದರಾಸಿನ ಮೇ ತಿಂಗಳ ಬಿಸಿಲಿನಲ್ಲಿಯೂ ಆ ಕೋಟಿನ ಗುಂಡಿ ಬಿಚ್ಚದೆ ಬರುತ್ತಿದ್ದರು. ಕೋಟು ಅವರ ತಂದೆಯದು. ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಮಗಳು ಅದರ ಕಿಸೆಗಳಲ್ಲಿ ಸೀಮೆಸುಣ್ಣದ ಚೂರುಗಳನ್ನೂ, ಸ್ಲೇಟು ಒರೆಸುವ ಒದ್ದೆ ಬಟ್ಟೆಯನ್ನೂ ಇಟ್ಟು, ಬಲಗಿಸೆಯ ಸುತ್ತ ಯಾವಾಗಲೂ ಬಿಳಿಯ ಕಲೆ ಮಾಡಿಕೊಂಡಿದ್ದರು.

ಕೋಪ ಬಂದರೆ ಅವರ ದನಿ ಇಳಿಯುತ್ತಿತ್ತು. ಸಾಮಾನ್ಯ ಕೋಪಕ್ಕೆ ಮೆಲುದನಿ. ದೊಡ್ಡ ಕೋಪಕ್ಕೆ ಪಿಸುಮಾತು. ಅವರು ಬಾಯಿ ತೆರೆದು ಬೈಯುತ್ತಿದ್ದ ದಿನ ಮಕ್ಕಳು ನಗುತ್ತಿದ್ದರು. ಅವರು ಏನು ಹೇಳಿದರೆಂದು ಕೇಳಿಸದೆ ಹೋದ ದಿನ ದೊಡ್ಡವರೂ ನಡುಗುತ್ತಿದ್ದರು. ಇನ್ನೊಂದು ಅಭ್ಯಾಸ: ಯಾರಾದರೂ ಓದುವಾಗ ತಡವರಿಸಿ ನಿಂತರೆ ಪದವನ್ನು ಎತ್ತಿಕೊಡುತ್ತಿರಲಿಲ್ಲ. "ಮುಂದೆ" ಎನ್ನುತ್ತಿದ್ದರು, ಅಷ್ಟೆ. ಎಷ್ಟು ಹೊತ್ತಾದರೂ ಕಾದು, ಮತ್ತೊಮ್ಮೆ, "ಮುಂದೆ."

ನಮ್ಮದು ಬ್ರಿಟಿಷರು ಕಟ್ಟಿದ ದೇವಾಲಯ. ಗೋಡೆಯ ತುಂಬ ಸತ್ತ ದೊರೆಗಳ ಹಿತ್ತಾಳೆ ಫಲಕಗಳು. ಬೆಳಿಗ್ಗೆ ಇಂಗ್ಲಿಷ್ ಆರಾಧನೆ ಮುಗಿದ ಮೇಲೆ ಹತ್ತು ಗಂಟೆಗೆ ನಮ್ಮ ಕನ್ನಡ ಸಭೆ. ಉಡುಪಿ, ಮಂಗಳೂರು ಕಡೆಯವರು, ಗದಗ, ಹುಬ್ಬಳ್ಳಿ ಕಡೆಯವರು, ಎಲ್ಲರೂ ಬಂದು ಸೇರುವ ಆ ಸಭೆಯಲ್ಲಿ ಪ್ರತಿ ಮನೆಯದೂ ಒಂದೊಂದು ಕನ್ನಡ. ಮಕ್ಕಳದು ಮಾತ್ರ ಒಂದೇ, ತಮಿಳು. ೧೯೫೭ರಲ್ಲಿ ಸಭೆಯ ಕಾರ್ಯದರ್ಶಿ ಮಧ್ವರಾಜರು ದಪ್ಪ ಕಾಗದದ ಒಂದು ಕಾರ್ಡು ಅಚ್ಚುಹಾಕಿಸಿದರು. ಅವರು ಒಂದು ದೊಡ್ಡ ಕಂಪನಿಯ ಹೆಡ್ ಕ್ಲಾರ್ಕು. ಅವರ ಬರವಣಿಗೆಯಲ್ಲಿ ಎಲ್ಲವೂ ಕೋಷ್ಟಕವಾಗುತ್ತಿತ್ತು. 'ಸಕಲ ವಯಸ್ಸಿನವರಿಗೂ ಆತ್ಮಿಕ ಶಿಕ್ಷಣ ಮತ್ತು ಅನ್ಯೋನ್ಯತೆ' ಎಂಬುದು ತಲೆಬರಹ. ಕೆಳಗೆ ಶಿಶುಗಳಿಗೆ ಚಿತ್ರಪಾಠ, ಮಕ್ಕಳಿಗೆ ಸಂಡೆ ಸ್ಕೂಲ್, ಯುವಕರಿಗೆ ಚರ್ಚಾಕೂಟ ಮತ್ತು ಟೇಬಲ್ ಟೆನಿಸ್, ಮಹಿಳೆಯರಿಗೆ ಹೊಲಿಗೆ ಮತ್ತು ಕೇಕು, ಹಿರಿಯರಿಗೆ ವೇದಾಧ್ಯಯನ, ಎಂದರೆ ಬೈಬಲ್ ಓದು. ಕಾರ್ಡು ಎಲ್ಲರ ಕೈಗೂ ಬಂತು. ಬೇಬಿ ಟೀಚರ್ ಅದನ್ನು ಎರಡೂ ಬದಿ ತಿರುಗಿಸಿ ನೋಡಿ, ಮಧ್ವರಾಜರ ಹತ್ತಿರ ಹೋದರು. ನಾನು ಪಕ್ಕದಲ್ಲಿ ಹಾಡಿನ ಪುಸ್ತಕಗಳನ್ನು ಜೋಡಿಸುತ್ತಿದ್ದೆ.

"ಇದರಲ್ಲಿ ಭೀಮಾಬಾಯಿ ಎಲ್ಲುಂಟು?"

"ಯಾವ ಭೀಮಾಬಾಯಿ ಟೀಚರ್?"

"ಹಿಂದಿನ ಬೆಂಚು. ಆಸ್ಪತ್ರೆಯ ಆಯಾ."

"ಓ, ಆಯಮ್ಮನಾ! ಅವರು ಹಿರಿಯರಲ್ಲಿ ಬರಬಹುದಲ್ಲ."

"ಅಲ್ಲಿ ಓದ್ಲಿಕ್ಕೆ ಬರ್ಬೇಕು ಅಂತ ಉಂಟು."

ಮಧ್ವರಾಜರು ನಕ್ಕರು. ಕೆಟ್ಟ ನಗು ಅಲ್ಲ ಅದು. ಅದೇ ನನಗೆ ಇಂದಿಗೂ ಸಿಟ್ಟು. "ಟೀಚರ್, ಆಯಾಗಳಿಗೆ ಹಾಡು ಕೇಳಿಸಿದ್ರೆ ಸಾಕು. ದೇವರು ಹೃದಯ ನೋಡೋದು."

"ಹಾಗಾದ್ರೆ ನೀವೆಂತಕ್ಕೆ ಓದಿದ್ದು?" ಎಂದರು ಬೇಬಿ ಟೀಚರ್, ಬಹಳ ಮೆಲ್ಲಗೆ.

ಭೀಮಾಬಾಯಿಯ ಕೈಯಲ್ಲಿದ್ದ ಪುಸ್ತಕವನ್ನು ಮೊದಲು ಗಮನಿಸಿದವರೂ ಅವರೇ. ಗದಗಿನ ಕಡೆಯ ಆ ವಿಧವೆ ಹನ್ನೊಂದು ವರ್ಷದಿಂದ ನಮ್ಮೊಂದಿಗೆ ಎದ್ದು, ಪುಸ್ತಕ ತೆರೆದು, ಪುಟ ಮಗುಚಿ, ಬಾಯಿಪಾಠವಾಗಿದ್ದ ಕನ್ನಡ ಹಾಡುಗಳನ್ನು ಹಾಡುತ್ತಿದ್ದರು. ಹಿಡಿದಿದ್ದ ಪುಸ್ತಕ ತಮಿಳಿನದು. ಆಸ್ಪತ್ರೆಯಲ್ಲಿ ಯಾರೋ ಕೊಟ್ಟದ್ದು. ಅನ್ಯೋನ್ಯತೆಯ ಸಭೆಯಲ್ಲಿ ಹನ್ನೊಂದು ವರ್ಷ ಒಬ್ಬರೂ ಬಗ್ಗಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ನಾನು ಅವರ ಮುಂದಿನ ಬೆಂಚಿನವಳು.

ಆ ವಾರದಿಂದ ದೇವಾಲಯದ ಪಕ್ಕದ ತಗಡಿನ ಶೆಡ್ಡಿನಲ್ಲಿ, ಕಾರ್ಡಿನ ಯಾವ ಸಾಲಿಗೂ ಸೇರದ ಒಂದು ತರಗತಿ ಶುರುವಾಯಿತು. ವಯಸ್ಸಿನ ಲೆಕ್ಕವಿಲ್ಲ. ಆಯಾಗಳು, ಒಬ್ಬ ತೋಟದ ಮಾಲಿ, ತಮಿಳು ಶಾಲೆಗೆ ಹೋಗಿ ಕನ್ನಡದ ಅಕ್ಷರ ತಿಳಿಯದ ಮಕ್ಕಳು, ಎಲ್ಲರಿಗೂ ಒಂದೇ ಬೆಂಚು. ಸ್ಲೇಟು ಒರೆಸಿಕೊಡುವ ಕೆಲಸ ನನ್ನದು. ಬಾಯಿಪಾಠ ಅಲ್ಲಿ ನಿಷಿದ್ಧ. ಬೇರೆ ತರಗತಿಗಳಲ್ಲಿ ವೇದವಾಕ್ಯ ಬಾಯಿಪಾಠ ಒಪ್ಪಿಸಿದವರಿಗೆ ಬಣ್ಣದ ಚಿತ್ರ ಕೊಡುತ್ತಿದ್ದರು. ಇಲ್ಲಿ ಯಾರಾದರೂ ಗಿಳಿಯಂತೆ ಹೇಳತೊಡಗಿದರೆ ಟೀಚರ್ ಆ ಸಾಲನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಸಾಲಿಗೆ ಬೆರಳಿಡುತ್ತಿದ್ದರು.

ಭೀಮಾಬಾಯಿಯ ಪಕ್ಕ ಕೂರುತ್ತಿದ್ದವಳು ಸರಸ ಎಂಬ ಪುಟ್ಟ ಹುಡುಗಿ. ಇಬ್ಬರೂ ಒಂದೇ ಸ್ಲೇಟಿಗೆ ಜಗಳವಾಡುವರು. ಮಹಾಪ್ರಾಣಕ್ಕೆ ಬಂದಾಗ ಭೀಮಾಬಾಯಿ ಬಳಪ ಕೆಳಗಿಟ್ಟರು.

"ಅಕ್ಕಾರ, ಇದರ ಹೊಟ್ಟಿ ಯಾಕ ಸೀಳ್ಯಾರ?"

"ಉಸಿರು ಹೋಗ್ಲಿಕ್ಕೆ. ಮುಂದೆ."

"ಉಸಿರು ನಂದ ಹೊಂಟೈತಲ್ರಿ ಇಲ್ಲಿ!"

ನಾಲ್ಕು ವರ್ಷ ಹಿಡಿಯಿತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿ ನೇರ ಶೆಡ್ಡಿಗೆ ಬಂದು, ಅರವತ್ತರ ಹತ್ತಿರದ ಆ ಹೆಂಗಸು ಅಕ್ಷರಕ್ಕೆ ಅಕ್ಷರ ಕೂಡಿಸಿ ಪದ ಮಾಡುವುದನ್ನೂ, ಪದಕ್ಕೆ ಪದ ಕೂಡಿಸಿ ಅರ್ಥ ಸಿಕ್ಕಾಗ ಬೆಚ್ಚಿಬಿದ್ದವರಂತೆ ತಲೆಯೆತ್ತುವುದನ್ನೂ ನಾನು ಕಂಡಿದ್ದೇನೆ. ಒಂದು ದಿನ ಅವರೇ ಕೇಳಿದರು: "ಅಕ್ಕಾರ, ಅಲ್ಲಿ ಮ್ಯಾಲ ನಿಂತು ಓದ್ತಾರಲ್ಲ, ಅದನ್ನ ನಾ ಒಮ್ಮಿ ಓದಬೇಕ. ಸಾಯೂದ್ರಾಗ ಒಮ್ಮಿ." ಬೇಬಿ ಟೀಚರ್ ಕೋಟಿನ ಗುಂಡಿಯನ್ನು ಸರಿಪಡಿಸಿಕೊಂಡು ನೇರ ಅಯ್ಯನವರಲ್ಲಿಗೆ ನಡೆದರು. ನಮ್ಮ ಆಗಿನ ಪಾದ್ರಿ ಅಯ್ಯನವರು ಮೃದು ಮನುಷ್ಯರು. ಯಾರು ಕೊನೆಗೆ ಬಂದು ಕೇಳಿದರೋ ಅವರಿಗೆ ಹೂಂ ಎನ್ನುವವರು.

೧೯೬೧ರ ಆಗಸ್ಟ್. ಸಕಲ ವಯಸ್ಸಿನವರ ಭಾನುವಾರ. ಹೊರದೇಶದಿಂದ ಒಬ್ಬ ಮಿಷನ್ ಅತಿಥಿ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಶಿಶುಗಳು ಹಾಡಿದರು, ಯುವಕರು ಪ್ರಾರ್ಥಿಸಿದರು, ಹಿರಿಯರ ಪಾಲಿಗೆ ವೇದಪಾಠ. ಬಿಳಿಯ ಸೀರೆಯುಟ್ಟು ಭೀಮಾಬಾಯಿ ಓದುಪೀಠದ ಮೆಟ್ಟಿಲು ಹತ್ತಿದರು. ದಾರಿಬದಿಯ ಕುರುಡ ಭಿಕ್ಷುಕನ ಕಥೆ ಆ ದಿನದ ಪಾಠ. ಬೆರಳಿಟ್ಟು ಓದಿದರು. ಒಂದೊಂದು ಪದಕ್ಕೂ ಮೊದಲು ಒಂದು ಮೌನ. ಆ ಮೌನದಲ್ಲಿ ಪಂಖಗಳ ಸದ್ದು, ಹೊರಗೆ ಹೋಗುವ ಬಸ್ಸಿನ ಸದ್ದು. ಯಾರೋ ಕೆಮ್ಮಿದರು. ಕುರುಡ ಕೂಗಿದ, ಸುಮ್ಮನಿರು ಎಂದು ಜನ ಅವನನ್ನು ಗದರಿಸಿದರು, ಅಲ್ಲಿಗೆ ಬರುವಷ್ಟರಲ್ಲಿ ಆರು ನಿಮಿಷ ಆಗಿತ್ತು. ಅತಿಥಿಗಳಿಗೆ ಅಡ್ಯಾರಿನಲ್ಲಿ ಊಟದ ಏರ್ಪಾಡು. ಮಧ್ವರಾಜರು ಗಡಿಯಾರ ನೋಡಿ, ಆರ್ಗನ್ನಿನ ಹತ್ತಿರವಿದ್ದ ಮಗಳು ವಿಮಲಾಳ ಕಡೆ ತಿರುಗಿ, ಕೈಯಲ್ಲಿದ್ದ ಕಾರ್ಡನ್ನು ಒಮ್ಮೆ ಮೇಲಕ್ಕೆತ್ತಿದರು. ಆರ್ಗನ್ ಶುರುವಾಯಿತು.

ನಾವು ಎದ್ದೆವು.

ಯಾರೂ ಯೋಚಿಸಿ ಏಳಲಿಲ್ಲ. ಆ ಸ್ವರ ಕೇಳಿದರೆ ಏಳುವುದನ್ನು ನಮಗೆ ತೊಟ್ಟಿಲಲ್ಲೇ ಕಲಿಸಿದ್ದಾರೆ. ಅತಿಥಿ ಮಾತ್ರ ಗಾಬರಿಯಿಂದ ಅತ್ತಿತ್ತ ನೋಡಿದರು. ಅವರಿಗೆ ಕನ್ನಡವೇ ಬಾರದು, ಭೀಮಾಬಾಯಿ ಬೇಗ ಓದಿದರೂ ತಡವಾಗಿ ಓದಿದರೂ ಅವರಿಗೆ ಒಂದೇ, ಅವರಿಗೇನೂ ಅವಸರವಿರಲಿಲ್ಲ. ಓದುಪೀಠದ ಮೇಲಿದ್ದ ಭೀಮಾಬಾಯಿ ಸಭೆ ಎದ್ದದ್ದನ್ನು ಕಂಡರು, ಪುಸ್ತಕ ಮುಚ್ಚಿದರು, ನಮ್ಮ ಜೊತೆ ಹಾಡತೊಡಗಿದರು. ಇಡೀ ದೇವಾಲಯದಲ್ಲಿ ಕೂತಿದ್ದವರು ಇಬ್ಬರೇ: ಬೇಬಿ ಟೀಚರ್, ಮತ್ತು ಅವರ ಪಕ್ಕದಲ್ಲಿ, ಏಳು ವರ್ಷದ ಸರಸ. "ಆಯಮ್ಮಾ ಇನ್ನುಂ ಮುಡಿಕ್ಕಲೆ!" ಎಂದು ಸರಸ ಹಾಡಿನ ನಡುವೆ ಕಿರುಚಿದಳು. ಆಯಮ್ಮ ಇನ್ನೂ ಮುಗಿಸಿಲ್ಲ. ಅವಳ ತಾಯಿ ಅವಳ ಬಾಯಿ ಮುಚ್ಚಿ ಎತ್ತಿಕೊಂಡಳು.

ಆಮೇಲೆ ಮೆಟ್ಟಿಲ ಬಳಿ ಭೀಮಾಬಾಯಿ ತಾವೇ ಸಮಾಧಾನ ಹೇಳುತ್ತಿದ್ದರು. "ಹಾಡು ಹಚ್ಚಿದ ಮ್ಯಾಲ ಓದಾಕ ಬರ್ತದೇನ್ರಿ ಅಕ್ಕಾರ. ಹೋಗಲಿ ಬಿಡ್ರಿ." ಬೇಬಿ ಟೀಚರ್ ಅವರ ಕೈ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಅವರ ತುಟಿ ಅಲುಗಿದ್ದು ಕಂಡಿತೇ ಹೊರತು ದನಿ ಬಹುಮಟ್ಟಿಗೆ ಇರಲೇ ಇಲ್ಲ.

"ನೀನೂ ಎದ್ದೆ, ಅಲ್ವಾ."

ಮಧ್ವರಾಜರಿಗೆ ಅವರು ಹೇಳಿದ್ದು ಒಂದೇ ವಾಕ್ಯ: ಆ ಪಾಠ ಅಲ್ಲಿಯೇ, ಭೀಮಾಬಾಯಿಯ ಬಾಯಲ್ಲಿಯೇ ಮುಗಿಯುವ ತನಕ ನಾನು ಹಾಡಿಗೆ ಏಳುವುದಿಲ್ಲ. ಕಮಿಟಿ ಸೇರಿತು. ಭೀಮಾಬಾಯಿಯ ಸರದಿ ಮುಂದಿನ ವರ್ಷ ನೋಡೋಣ ಎಂದಿತು. ಮುಂದಿನ ವರ್ಷ ಅದರ ಮುಂದಿನ ವರ್ಷ ಎಂದಿತು. ಅಯ್ಯನವರು ಮನೆಗೇ ಹೋಗಿ, "ಟೀಚರ್, ಇದು ದೇವರ ಮುಂದೆ ಹಟ ಅಲ್ಲವೇ?" ಎಂದರಂತೆ. "ದೇವರಿಗೆ ಆ ಕಥೆಯ ಕೊನೆ ಗೊತ್ತುಂಟು ಅಯ್ಯ, ಭೀಮಾಬಾಯಿಗೆ ಓದ್ಲಿಕ್ಕಾಗ್ಲಿಲ್ಲ" ಎಂದರಂತೆ ಇವರು. ಇಂಥ ಹೆಂಗಸನ್ನು ಸಭೆ ಏನು ಮಾಡಬೇಕು? ಹೊರಗೆ ಹಾಕುವಂತಿಲ್ಲ, ಒಳಗೆ ಒಪ್ಪುವಂತಿಲ್ಲ. ಆಗಲೇ ಯಾರೋ ಆ ಮಂಡಿನೋವನ್ನು ಕಂಡುಹಿಡಿದದ್ದು. ಕರುಣೆಯ ದನಿಯಲ್ಲಿ ಬಾಯಿಂದ ಬಾಯಿಗೆ ದಾಟಿ, ಒಂದು ವರ್ಷದಲ್ಲಿ ಅದು ನಿಜವಾಗಿ ಹೋಯಿತು; ಕ್ರಿಸ್ಮಸ್ಸಿಗೆ ಮಹಿಳಾ ಸಂಘದವರು ಅವರಿಗೆ ನೋವಿನ ಎಣ್ಣೆಯ ಸೀಸೆಯೊಂದನ್ನು ಕೊಟ್ಟರು. ಟೀಚರ್ ಅದನ್ನು ಶೆಡ್ಡಿನ ಬಾಗಿಲಿನ ಕೀಲುಗಳಿಗೆ ಹಾಕಿದರು. ಬಾಗಿಲು ಕಿರುಗುಟ್ಟುವುದು ನಿಂತಿತು.

ನಾನು ಆ ಎರಡು ವರ್ಷವೂ ಎದ್ದೆ. ಪ್ರತಿ ಭಾನುವಾರ ಕೂತಿರೋಣವೆಂದು ಮನೆಯಿಂದ ಹೊರಡುವುದು, ಸ್ವರ ಕೇಳಿದೊಡನೆ ಕಾಲು ತಾನೇ ಏಳುವುದು. ಪ್ರಾರ್ಥನೆಯಲ್ಲಿ ಇದಕ್ಕೆ ಕ್ಷಮೆ ಕೇಳಿದ್ದೇನೆ, ಸಿಕ್ಕಿದೆಯೆಂದು ಹೇಳಲಾರೆ.

೧೯೬೩ರ ಡಿಸೆಂಬರಿನಲ್ಲಿ, ಜ್ವರ ಬಂದು ನಾಲ್ಕನೆಯ ದಿನ, ಬೇಬಿ ಟೀಚರ್ ಹೋದರು. ಶವಪೆಟ್ಟಿಗೆಯನ್ನು ಓದುಪೀಠದ ಕೆಳಗೆ ಇಟ್ಟಿದ್ದರು. ವೇದಪಾಠ ಓದಲು ಮಧ್ವರಾಜರು ಕನ್ನಡಕ ಹಾಕಿಕೊಂಡು ಏಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಭೀಮಾಬಾಯಿ ಎದ್ದು, ಯಾರನ್ನೂ ಕೇಳದೆ, ನಡುದಾರಿಯಲ್ಲಿ ನಡೆದುಬಂದು ಮೆಟ್ಟಿಲು ಹತ್ತಿದರು. ಪುಟ ಹುಡುಕಿದರು. "ಅರ್ಧಾ ಬಿಟ್ಟಿದ್ದೆ," ಎಂದು ಸಭೆಗಲ್ಲ, ಪೆಟ್ಟಿಗೆಗೆ ಹೇಳಿದರು. ಸಾವಿನ ಆರಾಧನೆಗೆ ಹೊಂದದ ಪಾಠ ಅದು. ಜನ ಗದರಿಸಿದ ಕಡೆಯಿಂದ ಹಿಡಿದರು. ಮಧ್ವರಾಜರ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ವಿಮಲಾ ಆರ್ಗನ್ನಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ಇಡೀ ಸಭೆಗೆ ಕೇಳುವಂತೆ, "ಇರುಂಗಪ್ಪಾ, ಅವಂಗ ಮುಡಿಕ್ಕಟ್ಟುಂ" ಎಂದಳು. ಇರಿ ಅಪ್ಪ, ಅವರು ಮುಗಿಸಲಿ. ಮಧ್ವರಾಜರು ಕೂತರು.

ನಡುವೆ ಒಂದು ಉದ್ದ ಪದಕ್ಕೆ ಭೀಮಾಬಾಯಿ ಸಿಕ್ಕಿಹಾಕಿಕೊಂಡರು. ಬೆರಳು ಅಲ್ಲೇ ನಿಂತಿತು. ಕಣ್ಣು ಬಲಗಡೆಯ ನಾಲ್ಕನೆಯ ಬೆಂಚಿನ ತುದಿಗೆ ಹೋಗಿ ಬರಿದಾಗಿ ವಾಪಸು ಬಂತು. "ಮುಂದೆ" ಎಂದರು ಯಾರೋ. ನನ್ನದೇ ದನಿ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಅವರು ಮುಂದೆ ಓದಿದರು. ಕುರುಡನಿಗೆ ಕಣ್ಣು ಬಂದು ಅವನು ದಾರಿ ಹಿಡಿಯುವ ತನಕ ಓದಿದರು, ಪುಸ್ತಕ ತಾವೇ ಮುಚ್ಚಿದರು. ಯಾರೂ ಕೆಮ್ಮಲಿಲ್ಲ, ಯಾರಿಗೂ ಊಟದ ಹೊತ್ತಾಗಲಿಲ್ಲ. ಅಷ್ಟು ತಾಳ್ಮೆಗೆ ನಮಗೆ ಒಂದು ಹೆಣ ಬೇಕಾಗಿತ್ತು. ಆಮೇಲೆ ಆರ್ಗನ್ ಶುರುವಾಯಿತು, ನಾವೆಲ್ಲ ಎದ್ದೆವು. ಪಾಠ ಮುಗಿದಿತ್ತು, ಆ ಹಾಡಿಗೆ ಏಳಲು ಎರಡು ವರ್ಷ ನಾಲ್ಕು ತಿಂಗಳು ಕಾದವರು ಒಬ್ಬರೇ, ಅವರೊಬ್ಬರೇ ಏಳಲಾರದೆ ಇದ್ದರು.

ಇಂಥವರು ಒಂದು ಸಭೆಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ಬೇಡಿಕೆ ಯಾವಾಗಲೂ ಸಣ್ಣದು, ಯಾರದೋ ಒಬ್ಬರದು, ಹತ್ತು ನಿಮಿಷದ್ದು. ಅಷ್ಟನ್ನು ಕೊಟ್ಟುಬಿಟ್ಟರೆ ಅವರು ಎಲ್ಲರಂತೆ ಎದ್ದು ನಿಂತು ಹಾಡಿ ಮನೆಗೆ ಹೋಗುವವರು. ಕೊಡುವುದಿಲ್ಲ ನಾವು. ಅವರ ಕೋಪದಿಂದ ನಮ್ಮ ಭಕ್ತಿಗೆ ಮುಜುಗರವಾಗುತ್ತದೆ. ಅದಕ್ಕೆ ಅವರ ನ್ಯಾಯಕ್ಕೆ ಒಂದು ಕಾಯಿಲೆಯ ಹೆಸರಿಟ್ಟು, ಎಣ್ಣೆಯ ಸೀಸೆ ಕೊಟ್ಟು, ಸತ್ತ ಮೇಲೆ ಆರು ಸಾಲು ಅಚ್ಚುಹಾಕಿ ಕೈತೊಳೆದುಕೊಳ್ಳುತ್ತೇವೆ. ಆ ನಾಲ್ಕನೆಯ ಸಾಲನ್ನು ನಾನು ಭೀಮಾಬಾಯಿಗೆ ಓದಿ ಹೇಳಹೋದೆ. ಅವರು ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆರಳಿಟ್ಟು, ತಾವೇ ಓದಿಕೊಂಡರು. ಕೊನೆಗೆ ತಲೆಯೆತ್ತಿ, "ಇದನ್ನ ಯಾರು ಬರದಾರೋ ಅವರಿಗೆ ಅಕ್ಷರ ಬರ್ತದ ಅಷ್ಟ" ಎಂದರು.