ಸತ್ತರೆ ಎಬ್ಬಿಸು

ಹತ್ತು ಗಂಟೆ ಏಳು ನಿಮಿಷಕ್ಕೆ ಅದು ಮತ್ತೆ ಸತ್ತಿತು. ಎಂಟು ಸೆಕೆಂಡಿನಲ್ಲಿ ಏನೂ ಆಗದ ಹಾಗೆ ಎದ್ದು ಕೂತಿತು. ಗೋಡೆಯ ದೊಡ್ಡ ಪರದೆಯಲ್ಲಿ ಅದರ ಚೌಕ ಹಸಿರಾಗಿಯೇ ಇತ್ತು. ಅವನು ತನ್ನ ಲ್ಯಾಪ್‌ಟಾಪಿನಲ್ಲಿ, ಯಾರೂ ನೋಡದ ಮೂಲೆಯ ಅಂಕಿ ನೋಡಿದ. ಆರು ತಿಂಗಳಲ್ಲಿ ಆರು ಸಾವಿರದ ನಾನೂರ ಹನ್ನೊಂದು ಸಲ ಸತ್ತು ಎದ್ದಿತ್ತು.

ಔಷಧಿ ಅಂಗಡಿಗಳಿಗೆ ಸರಕು ಕಳಿಸುವ ಕಂಪನಿ. ಆರ್ಡರ್ ತೆಗೆದುಕೊಳ್ಳುವುದಕ್ಕೆ, ಯಾವ ಡಬ್ಬಕ್ಕೆ ಏನು ತುಂಬಬೇಕೆಂಬ ಚೀಟಿಯನ್ನು ಗೋದಾಮಿನಲ್ಲಿ ಮುದ್ರಿಸುವುದಕ್ಕೆ, ಬಿಲ್ಲು ಹಾಕುವುದಕ್ಕೆ ಬೇರೆ ಬೇರೆ ಪ್ರೋಗ್ರಾಮು. ಒಂದೊಂದನ್ನೂ ಅದರ ಸಾಮಾನಿನ ಸಮೇತ ಕಂಟೇನರು ಎಂಬ ಒಂದೊಂದು ತಂತ್ರಾಂಶದ ಡಬ್ಬಿಯಲ್ಲಿ ಕಟ್ಟಿ, ಬಾಡಿಗೆಯ ಕ್ಲೌಡಿನಲ್ಲಿ ಓಡಿಸುತ್ತಿದ್ದರು. ಯಾವುದು ಎಲ್ಲಿ ಓಡಬೇಕು, ಎಷ್ಟು ಓಡಬೇಕು ಎಂದು ನೋಡಿಕೊಳ್ಳುವ ತಂತ್ರಾಂಶಕ್ಕೆ ಆಫೀಸಿನವರು ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮೇಸ್ತ್ರಿಗೆ ಹೇಳಿಕೊಟ್ಟ ಮುಖ್ಯ ಪಾಠ, ಸತ್ತರೆ ಎಬ್ಬಿಸು. ಯಾಕೆ ಸತ್ತಿತು ಅಂತ ಕೇಳು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಸಾಯುತ್ತಿದ್ದದ್ದು ಚೀಟಿಯ ಕಂಟೇನರು. ನಲವತ್ತು ನಿಮಿಷಕ್ಕೊಮ್ಮೆ ಮೆಮೊರಿ ತುಂಬಿ, ಹೊಟ್ಟೆ ಬಿರಿದು ಸಾಯುತ್ತಿತ್ತು. ಹೋಗುವಾಗ ಬಾಯಲ್ಲಿದ್ದ ಒಂದೆರಡು ಆರ್ಡರನ್ನೂ ನುಂಗಿಕೊಂಡು ಹೋಗುತ್ತಿತ್ತು. ಆದರೆ ಅಷ್ಟರಲ್ಲಿ ‘ಚೀಟಿ ಗೋದಾಮು ಸೇರಿತು’ ಎಂದು ದಾಖಲೆಯಲ್ಲಿ ಬರೆದಾಗಿರುತ್ತಿತ್ತು. ಹಾಗಾಗಿ ಮುದ್ರಣವೇ ಆಗದ ಚೀಟಿಯನ್ನು ಕಳೆದವರು ಪ್ಯಾಕ್ ಮಾಡುವವರೆಂದೇ ಲೆಕ್ಕ.

ಏಳನೇ ಮೇಜಿನಲ್ಲಿ ಪ್ಯಾಕ್ ಮಾಡುವವಳು ಅವನ ಅಕ್ಕ. ಹದಿನಾಲ್ಕು ವರ್ಷದಿಂದ ಅದೇ ಮೇಜು. ಚೀಟಿ ಕಳೆದದ್ದಕ್ಕೆ ಇವತ್ತು ಹನ್ನೊಂದೂವರೆಗೆ ಅವಳ ಮೂರನೇ ವಿಚಾರಣೆ. ನಾಲ್ಕನೆಯದು ಎಂಬುದು ಆ ಕಂಪನಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಅವಳ ಮೇಲಿನ ಹನ್ನೆರಡು ದೂರುಗಳ ಸಮಯವನ್ನು ಕಂಟೇನರು ಸತ್ತ ಸಮಯದ ಪಕ್ಕ ಇಟ್ಟು ನೋಡಿದ್ದ. ಹನ್ನೆರಡಕ್ಕೆ ಹನ್ನೆರಡೂ ತಾಳೆಯಾಗಿದ್ದವು.

ಅದನ್ನೇ ಒಂದು ಹಾಳೆಗೆ ಇಳಿಸಿಕೊಂಡು ಕಂಪ್ಯೂಟರ್ ವಿಭಾಗದ ಮುಖ್ಯಸ್ಥನ ಕೋಣೆಗೆ ಹೋದ.

“ಏನಪ್ಪಾ ಒಂಬತ್ತನೇ ಕ್ಲಾಸು?” ಎಂದ ಮುಖ್ಯಸ್ಥ. ಒಂಬತ್ತಕ್ಕೇ ಸ್ಕೂಲು ಬಿಟ್ಟು, ಕೇಬಲ್ ಎಳೆಯಲು ಬಂದು, ಬೇರೆಯವರ ಭುಜದ ಮೇಲಿಂದ ನೋಡಿ ನೋಡಿ ಕೆಲಸ ಕಲಿತವನಿಗೆ ಆಫೀಸು ಕೊಟ್ಟ ಪದವಿ ಅದು.

“ಸರ್, ಇದು ನೋಡಿ. ಹನ್ನೆರಡೂ ನಮ್ಮ ಕಡೆ ತಪ್ಪು.”

ಮುಖ್ಯಸ್ಥ ಹಾಳೆಯನ್ನು ಮುಟ್ಟಲಿಲ್ಲ. “ಗೊತ್ತು.”

“ಗೊತ್ತಾ?”

“ಮೂರು ತಿಂಗಳಿಂದ ಗೊತ್ತು. ಸರಿಮಾಡೋಕೆ ಎರಡು ದಿನ ನಿಲ್ಲಿಸ್ಬೇಕು. ಆರು ತಿಂಗಳಲ್ಲಿ ಒಂದು ನಿಮಿಷ ನಿಂತಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀನಿ. ಹನ್ನೆರಡಕ್ಕೆ ದೊಡ್ಡ ಗಿರಾಕಿ ಬರ್ತಿದ್ದಾನೆ. ಈಗ ನಿಲ್ಲಿಸ್ಲಾ?”

“ಅಲ್ಲಿ ಜನರ ಕೆಲಸ ಹೋಗ್ತಿದೆ ಸರ್.”

“ಗೋದಾಮಿಂದು ಗೋದಾಮಿನವರು ನೋಡ್ಕೊಳ್ತಾರೆ. ಅಕ್ಕ ಅಂತ ಸಂಕಟ ಇರುತ್ತೆ, ಇಲ್ಲ ಅನ್ನಲ್ಲ. ಮನೆ ಗೋಳನ್ನ ತಂದು ಸಿಸ್ಟಮ್ಮಿಗೆ ಅಂಟಿಸ್ಬೇಡ. ಹೋಗು, ಒಂದು ಕಾಫಿ ಕುಡಿ.”

ಅವನು ಕಾಫಿ ಕುಡಿಯಲಿಲ್ಲ. ಮುಖ್ಯಸ್ಥ ಗೊತ್ತಿಲ್ಲದೆ ಮಾಡಿದ್ದರೆ ಇವನು ಬೈದು ಸುಮ್ಮನಾಗುತ್ತಿದ್ದನೇನೋ. ಗೊತ್ತಿದ್ದೂ ಮೂರು ತಿಂಗಳು ಟೈ ಸರಿಮಾಡಿಕೊಂಡು ಓಡಾಡಿದ್ದಾನಲ್ಲ ಎಂದು ನೆನೆದರೆ ನೆತ್ತಿ ಕಾಯುತ್ತಿತ್ತು. ಹತ್ತು ನಲವತ್ತೇಳಕ್ಕೆ ಕಂಟೇನರು ಇನ್ನೊಮ್ಮೆ ಸತ್ತು ಎದ್ದಿತು. ಅದು ನಿಂತರೂ ಹೊಸ ಆರ್ಡರುಗಳು ಹಿಂದಿನ ಸಾಲಿನಲ್ಲಿ ಭದ್ರವಾಗಿ ಕಾಯುತ್ತವೆ ಎಂಬುದನ್ನು ಎರಡೆರಡು ಸಲ ನೋಡಿಕೊಂಡ. ಅಂಗಡಿಯವರು ಅವನಿಗೇನೂ ಮಾಡಿರಲಿಲ್ಲ. ಆಮೇಲೆ ಮೇಸ್ತ್ರಿಯ ಪಾಠದಲ್ಲಿ ಚೀಟಿಯ ಕಂಟೇನರಿಗೆ ಸೇರಿದ ಸಾಲು ತೆರೆದು, ‘ಎಬ್ಬಿಸು’ ಇದ್ದಲ್ಲಿ ‘ಬೇಡ’ ಎಂದು ಬದಲಿಸಿದ. ಸಿಸ್ಟಮ್ಮು ಬದಲಾವಣೆಗೆ ಕಾರಣ ಕೇಳಿತು. ‘ಸತ್ತದ್ದು ಕಾಣಲಿ’ ಎಂದು ಬರೆದು, ಕೆಳಗೆ ತನ್ನ ಹೆಸರನ್ನೇ ಹಾಕಿ, ಲ್ಯಾಪ್‌ಟಾಪು ಕಂಕುಳಲ್ಲಿಟ್ಟು ಗೋದಾಮಿಗೆ ಇಳಿದ.

ಹನ್ನೊಂದು ಇಪ್ಪತ್ತೇಳಕ್ಕೆ ಗೋದಾಮಿನ ಇಪ್ಪತ್ತು ಪ್ರಿಂಟರುಗಳೂ ಒಟ್ಟಿಗೆ ಬಾಯಿ ಮುಚ್ಚಿದವು.

ಗಾಜಿನ ಕೋಣೆಯಲ್ಲಿ ಅಕ್ಕ ನಿಂತಿದ್ದಳು. ಕುರ್ಚಿ ಖಾಲಿ ಇತ್ತು, ಕೂರು ಎಂದು ಯಾರೂ ಹೇಳಿರಲಿಲ್ಲ. ಸಿಬ್ಬಂದಿ ವಿಭಾಗದ ಮೇಡಂ ಓದಲು ಶುರುಮಾಡುವಷ್ಟರಲ್ಲಿ ಸೂಪರ್‌ವೈಸರ್ ಬಾಗಿಲಲ್ಲಿ ತಲೆ ಹಾಕಿದ. “ಮೇಡಂ, ಒಂದು ಚೀಟೀನೂ ಬರ್ತಿಲ್ಲ.” ಅವನ ಹಿಂದೆಯೇ ತಮ್ಮ ಒಳಗೆ ಬಂದು, ಹನ್ನೆರಡು ಸಾಲು ತೆರೆದ ಲ್ಯಾಪ್‌ಟಾಪನ್ನು ಮೇಡಂ ಮುಂದಿಟ್ಟ.

“ಈಗ ಬರ್ತಿಲ್ವಲ್ಲ, ಇದೇ ದಿನಕ್ಕೆ ಮೂವತ್ತಾರು ಸಲ ಆಗ್ತಿತ್ತು ಮೇಡಂ. ಎಂಟೇ ಸೆಕೆಂಡು, ಅದಕ್ಕೇ ಯಾರಿಗೂ ಕಾಣ್ತಿರ್ಲಿಲ್ಲ. ಇವಳ ಚೀಟಿ ಹುಟ್ಟೇ ಇಲ್ಲ. ಹುಟ್ಟದೇ ಇರೋದನ್ನ ಹೇಗೆ ಕಳೀತಾಳೆ?”

ಮೇಡಂ ಒಂದೊಂದೇ ಸಮಯದ ಮೇಲೆ ಬೆರಳಿಟ್ಟು ಫೈಲಿನ ಕಾಗದಕ್ಕೆ ಹೋಲಿಸಿದರು. ಐದನೆಯದೂ ತಾಳೆಯಾದಾಗ ಬೆರಳು ನಿಂತಿತು. ಫೈಲು ಮುಚ್ಚಿ, “ನೀವು ಮೇಜಿಗೆ ಹೋಗಿ,” ಎಂದು ಅಕ್ಕನಿಗೆ ಹೇಳಿದರು.

ಅವನ ಫೋನು ಕೂಗುತ್ತಿತ್ತು. ಮುಖ್ಯಸ್ಥ.

“ಎಬ್ಬಿಸು ಅದನ್ನ. ಈಗಲೇ.”

“ನೀವೇ ಎಬ್ಬಿಸಿ ಸರ್. ಗಿರಾಕಿ ಬಂದ ಮೇಲೆ, ಅವರ ಎದುರಿಗೇ ಎಬ್ಬಿಸಿ.”

“ನಿನ್ನ ಕೆಲಸ ಹೋಯ್ತು ಅಂದ್ಕೋ.”

“ಅಂದ್ಕೊಂಡೇ ಕೆಳಗೆ ಬಂದೆ.”

ಲ್ಯಾಪ್‌ಟಾಪು ಎತ್ತಿಕೊಂಡು ಹೊರಗೆ ಬಂದಾಗ ಅಕ್ಕ ಅವನ ತೋಳನ್ನು ಉಗುರು ನಾಟುವಂತೆ ಹಿಡಿದಳು. “ನಿನ್ನ ಯಾರು ಕರೆದ್ರು ಇಲ್ಲಿಗೆ? ಅನ್ನಕ್ಕೆ ಕಲ್ಲು ಹಾಕ್ಕೊಂಡ್ಯಲ್ಲೋ.”

“ನಿಂದು ಉಳೀತಲ್ಲ.”

“ನಂದು ಉಳೀತಂತೆ. ಕತ್ತೆ.” ತೋಳು ಮಾತ್ರ ಬಿಡಲಿಲ್ಲ.

ಕೆಲಸ ನಿಂತು, ಪ್ಯಾಕ್ ಮಾಡುವ ಹೆಂಗಸರು ಏನು ಮಾಡಬೇಕೆಂದು ತಿಳಿಯದೆ ತಮ್ಮ ತಮ್ಮ ಮೇಜಿನ ಹತ್ತಿರ ನಿಂತಿದ್ದರು. ಎಂಟನೇ ಮೇಜಿನವಳು ಕೈಯ ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹತ್ತಿರ ಬಂದಳು.

“ಅದ್ರಲ್ಲಿ ಹಳೇದೂ ಇರುತ್ತೇನಪ್ಪ?”

“ಆರು ತಿಂಗಳದ್ದೂ ಇದೆ.”

“ಹೋದ ತಿಂಗಳು ಹನ್ನೊಂದನೇ ತಾರೀಖು, ಮಧ್ಯಾಹ್ನ ಮೂರು ಗಂಟೆ ಹೊತ್ತು. ನಮ್ಮ ನಾದಿನೀನ ಮನೆಗೆ ಕಳಿಸಿದ್ದು ಅವತ್ತಿನ ಒಂದು ಚೀಟಿಗೆ.”

ಅವಳ ಹಿಂದೆ ಮೂರನೇ ಮೇಜಿನವಳು ಬಂದು ನಿಂತಳು. ಅವಳ ಹಿಂದೆ ಇನ್ನಿಬ್ಬರು. ಅಕ್ಕ ತಮ್ಮನ ತೋಳು ಬಿಟ್ಟು, ತನ್ನ ಮೇಜಿನ ಮೇಲಿದ್ದ ಖಾಲಿ ಡಬ್ಬಗಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಲ್ಯಾಪ್‌ಟಾಪಿಗೆ ಜಾಗ ಮಾಡಿದಳು.