ಸೈಕಲ್ ಷಾಪಿನಲ್ಲಿ ಸ್ಟೂಲಿನ ಪಂಥ

"ಮುನಿಯಾ, ನಮ್ಮ ಅಬ್ಬಾ ಪಂಥಕ್ಕೆ ಒಪ್ಕೊಂಡ್ಬಿಟ್ರು ಕಣೇ! ಅವ್ರ ಕೈಲಿ ಸ್ಟೂಲ್ ಎತ್ತಕ್ಕಾಗ್ಲಿಲ್ಲ ಅಂದ್ರೆ ನಂಗೆ ಸೈಕಲ್ ಕೊಡ್ತಾರಂತೆ!"

ಕನೀಜ್ ನಮ್ಮ ಮನೆ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು. ನಾನು ಮುನಿನಾರಾಯಣಮ್ಮ, ಅವಳ ಬಿ.ಎಸ್‌ಸಿ. ಸಹಪಾಠಿ. ಅದು ಎಪ್ಪತ್ತೊಂಬತ್ತನೇ ಇಸವಿ. ಅಮೃತಹಳ್ಳಿಯಿಂದ ಬಳ್ಳಾರಿ ರಸ್ತೆಗೆ ನಡೆದು ಬಸ್ಸು ಹಿಡಿಯುವಷ್ಟರಲ್ಲಿ ಕನೀಜಳ ಬೆಳಗಿನ ಪ್ರಾಕ್ಟಿಕಲ್ ಅರ್ಧ ಮುಗಿದಿರುತ್ತಿತ್ತು. ನನ್ನದು ಮಧ್ಯಾಹ್ನದ ಬ್ಯಾಚು, ಬಚಾವು. ಅವಳಿಗೆ ಇನ್ನೆರಡು ತಪ್ಪಿದರೆ ಪರೀಕ್ಷೆಗೇ ಕೂರಿಸುವುದಿಲ್ಲ ಅಂತ ಕಾಲೇಜಿನವರು ಹೇಳಿಯಾಗಿತ್ತು. ಅವಳಪ್ಪ ಗುಲಾಮ್ ರಸೂಲ್ ಚಾಚಾ ಊರಿಗೆಲ್ಲ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವವರು. ಮಗಳಿಗೆ ಮಾತ್ರ ಇಲ್ಲ. "ಹೆಂಗಸ್ರ ಮೈಗೆ ಬ್ಯಾಲೆನ್ಸ್ ಇರಲ್ಲ, ಬೀಳ್ತೀಯ" ಎಂಬುದೊಂದೇ ಮಾತು.

ಸ್ಟೂಲಿನ ಉಪಾಯ ನನ್ನದು. ಗೋಡೆಯಿಂದ ಎರಡು ಪಾದದಷ್ಟು ಹಿಂದೆ ನಿಂತು, ಬಗ್ಗಿ, ನೆತ್ತಿಯನ್ನು ಗೋಡೆಗೆ ಆನಿಸಬೇಕು. ಕೆಳಗಿರುವ ಸ್ಟೂಲನ್ನು ಎದೆಗೆತ್ತಿಕೊಂಡು ಹಾಗೇ ನೆಟ್ಟಗಾಗಬೇಕು. ಮೈಯ ಭಾರದ ನಡುಬಿಂದು ಪಾದಗಳ ಮೇಲಿದ್ದರೆ ಮಾತ್ರ ಅದು ಸಾಧ್ಯ. ಹೆಂಗಸರಿಗೆ ಭಾರ ಸೊಂಟದಲ್ಲಿ, ಎದ್ದುಬಿಡುತ್ತಾರೆ. ಗಂಡಸರಿಗೆ ಎದೆ, ಭುಜಗಳಲ್ಲಿ, ಹಾಗಾಗಿ ತಲೆ ಗೋಡೆಗೇ ಅಂಟಿಕೊಳ್ಳುತ್ತದೆ. ನಮ್ಮ ಲೆಕ್ಚರರ್ ಕ್ಲಾಸಿನಲ್ಲಿ ತೋರಿಸಿದಾಗ ಒಬ್ಬ ಹುಡುಗನೂ ಗೆದ್ದಿರಲಿಲ್ಲ.

ಷಾಪಿಗೆ ಓಡಿದೆವು. ಅಲ್ಲಿ ಗರಡಿಯ ಬ್ಯಾಟರಾಯಪ್ಪ ಪೈಲ್ವಾನರು ಚಾಚಾ ಕೈಲಿ ತಮ್ಮ ಸೈಕಲ್ಲಿನ ಹ್ಯಾಂಡಲ್ ನೆಟ್ಟಗೆ ಮಾಡಿಸಿಕೊಳ್ಳುತ್ತ ಕೂತಿದ್ದರು. ಕನೀಜ್ ಮೊದಲು ತಾನೇ ಸ್ಟೂಲೆತ್ತಿ ನಿಂತು ತೋರಿಸಿದಳು.

"ಇದೇನ್ ಮಾ ವಿದ್ಯೆ! ತತ್ತಾ ಇಲ್ಲಿ" ಎಂದು ಪೈಲ್ವಾನರು ಎದ್ದರು. ಬಗ್ಗಿದರು, ಸ್ಟೂಲ್ ಹಿಡಿದರು, ಅಷ್ಟೇ. ಕತ್ತು ಕೆಂಪಾಯಿತು. "ಯಾರೋ ನನ್ ತಲೇನ ಇಡ್ಕೊಂಡವ್ರೆ ಸಾಬ್ರೇ!"

ನಾನು ನಕ್ಕು ನಕ್ಕು ಟೈರುಗಳ ಮೇಲೆ ಬಿದ್ದೆ. "ಈಗ ನೀವು ಚಾಚಾ!"

ಚಾಚಾ ಕೈಯ ಗ್ರೀಸ್ ಒರೆಸಿಕೊಂಡು ಹೋಗಿ ಬಗ್ಗಿದರು. ಸ್ಟೂಲ್ ಎತ್ತಿದರು. ಬೀಡಿ ಕೂಡ ಬಾಯಿಂದ ತೆಗೆಯದೆ ನೆಟ್ಟಗೆ ನಿಂತರು.

ನನ್ನ ನಗು ನಿಂತಿತು. ಸೋಲುವುದೇ ಇಲ್ಲ ಎಂದು ಹಾರಾಡಿದ್ದೆನಲ್ಲ!

"ಆಯ್ತಲ್ಲ? ಪಂಥ ಪಂಥಾನೇ. ಹೋಗಿ ಓದ್ಕೋ ಬೇಟಿ."

ಕನೀಜ್ ಹೋಗಲಿಲ್ಲ. ಅವಳು ಅಪ್ಪನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮೂವತ್ತು ವರ್ಷ ಪೆಡಲ್ ತುಳಿದ ತೊಡೆಗಳು ಪೈಜಾಮದಲ್ಲಿ ಬಿಗಿದು ಕೂತಿದ್ದವು. ಮೇಲೆ ನೋಡಿದರೆ ಎದೆಗೂಡು ಬಡಕಲು.

"ಅಬ್ಬಾ, ಸೈಕಲ್ ಮೇಲಿಂದ ಬಿದ್ದು ಎಷ್ಟ್ ವರ್ಷ ಆಯ್ತು ನೀವು?"

"ನಾನಾ? ಬಿದ್ದೇ ಇಲ್ಲ."

"ಪೈಲ್ವಾನಣ್ಣ, ನೀವು?"

"ನೆನ್ನೆ" ಎಂದು ಅವರು ಡೊಂಕು ಹ್ಯಾಂಡಲನ್ನು ಗದ್ದದಲ್ಲೇ ತೋರಿಸಿದರು.

"ನೋಡಿ ಅಬ್ಬಾ. ಸ್ಟೂಲ್ ಎತ್ತಿದ್ದು ನೀವು, ನಾನು ಇಬ್ರೇ. ನಿಮ್ಗೂ ನನ್ ಥರಾನೇ ಭಾರ ಎಲ್ಲಾ ಕೆಳಗಿದೆ. ಪಂಥ ನಾನ್ ಸೋತೆ, ಒಪ್ಕೊಂಡೆ. ಆದ್ರೆ ಬ್ಯಾಲೆನ್ಸ್ ಇಲ್ದಿರೋ ಮೈ ಅಂತ ಇನ್ಮೇಲೆ ಹೇಳ್ಬೇಡಿ. ನಿಮ್ಮದೂ ಅದೇ ಮೈ."

ಸೈಕಲ್ ಓಡಿಸಲು ಭಾರ ಕೆಳಗಿದ್ದರಷ್ಟೇ ಸಾಲದು ಎಂದು ನನಗೆ ಗೊತ್ತಿತ್ತು. ಆದರೂ ಹೌದೆಂದು ತಲೆಯಾಡಿಸಿದೆ.

"ಸಾಬ್ರೇ, ಮಗಳು ಇಂಗೆ ಪಟ್ಟು ಆಕಿದ್ರೆ ಬಿಡಿಸ್ಕಳಾಕಾಗಲ್ಲ" ಎಂದರು ಪೈಲ್ವಾನರು.

ಚಾಚಾ ಸ್ಟೂಲನ್ನು ಕೆಳಗಿಟ್ಟರು. ಸಾಲಾಗಿ ನಿಂತ ಸೈಕಲ್ಲುಗಳಲ್ಲಿ ಒಂದನ್ನು ಎಳೆದು, ಸ್ಪ್ಯಾನರ್ ತೆಗೆದುಕೊಂಡು ಸೀಟನ್ನು ಕೆಳಗಿಳಿಸಿದರು. ಮಗಳ ಸೊಂಟದ ಎತ್ತರಕ್ಕೆ ಹಿಡಿದು ನೋಡಿ ನಟ್ಟು ಬಿಗಿದರು.

"ನಾಳೆ ಬೆಳಿಗ್ಗೆ ಆರಕ್ಕೆ, ಕೆರೆ ಪಕ್ಕದ ಬಯಲಲ್ಲಿ. ಲೇಟ್ ಮಾಡ್ಬೇಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾಮ್ಮ, ಹಿಂದೆ ಕ್ಯಾರಿಯರ್ ಹಿಡ್ಕೊಳ್ಳೋಕೆ ಒಬ್ರು ಬೇಕು."